ಹಳೇ ಥಿಂಕ್‌ಪ್ಯಾಡ್ ಬಿಚ್ಚಿ ಜೋಡಿಸಿದ್ದು

ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಎಕ್ಸ್220 ಎಂಬ ಲ್ಯಾಪ್‌ಟಾಪ್ ಮಾರುಕಟ್ಟೆಗೆ ಬಂದದ್ದು 2011ರಲ್ಲಿ. ಹನ್ನೆರಡೂವರೆ ಇಂಚಿನ ಪರದೆ, ಇಂಟೆಲ್‌ನ ಎರಡನೇ ತಲೆಮಾರಿನ ಐ5 ಪ್ರೊಸೆಸರ್, ಕೀಬೋರ್ಡಿನ ನಡುವೆ ಕೆಂಪು ಬಟನ್. ಇದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಾಗದದ ಮೇಲೆ ನೋಡಿದರೆ ಗುಜರಿಗೆ ಹೋಗಬೇಕಾದ ಯಂತ್ರ. ನಾನು ಮಾತ್ರ ಬೇಕು ಅಂತಲೇ ಹುಡುಕಿ ತಂದೆ.

ಕಾರಣ ಕೀಬೋರ್ಡ್. ನನ್ನ ಕೆಲಸ ಕರಡು ತಿದ್ದುವುದು, ಅಕ್ಷರ ಜೋಡಿಸುವುದು. ದಿನವಿಡೀ ಕನ್ನಡ ಟೈಪಿಂಗ್. ಎಕ್ಸ್220ರಲ್ಲಿ ಇರುವುದು ಹಳೇ ಏಳು ಸಾಲಿನ ಕೀಬೋರ್ಡ್. ಕೀಲಿ ಒತ್ತಿದರೆ ಆಳವಾಗಿ ಇಳಿಯುತ್ತದೆ, ಡಿಲೀಟ್, ಹೋಮ್, ಎಂಡ್ ಎಲ್ಲವೂ ಕೈಗೆ ಸಿಗುವ ಜಾಗದಲ್ಲಿವೆ. ಮರುವರ್ಷ ಬಂದ ಎಕ್ಸ್230ಕ್ಕೆ ಆರು ಸಾಲಿನ ಚಪ್ಪಟೆ ಕೀಲಿಗಳು ಬಂದವು. ಆಮೇಲೆ 2017ರಲ್ಲಿ ಥಿಂಕ್‌ಪ್ಯಾಡ್‌ನ 25ನೇ ವರ್ಷಕ್ಕೆಂದು ತಂದ ವಿಶೇಷ ಮಾಡೆಲ್‌ನಲ್ಲಿ ಮಾತ್ರ ಏಳು ಸಾಲು ಮತ್ತೆ ಕಾಣಿಸಿತು. ಅದು ನನ್ನ ಜೇಬಿಗೆ ಆಗಿಬರುವಂಥದ್ದಲ್ಲ.

ಇಂಥ ಲ್ಯಾಪ್‌ಟಾಪ್ ಬೇಕೆಂದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕು. ಟೌನ್‌ಹಾಲ್ ಹತ್ತಿರದ ಆ ಗಲ್ಲಿಗಳಲ್ಲಿ ಐಟಿ ಕಂಪನಿಗಳು ಲೀಸ್ ಮುಗಿಸಿ ಬಿಟ್ಟ ಮಾಲು ರಾಶಿ ರಾಶಿ ಬರುತ್ತದೆ. ಕೊಳ್ಳುವಾಗ ಪ್ರೊಸೆಸರ್, ರ್‍ಯಾಮ್ ಬಗ್ಗೆ ವಿಚಾರಿಸುವವರೇ ಜಾಸ್ತಿ. ನನಗೆ ಬೇಕಿದ್ದ ಪ್ರಶ್ನೆ ಬೇರೆ.

"ಬಯೋಸ್ ಪಾಸ್‌ವರ್ಡ್ ಇಲ್ಲ ತಾನೇ?"

"ಆನ್ ಮಾಡಿ ಕೊಡ್ತೀನಿ ಸಾರ್. ನೀವೇ ಎಫ್1 ಒತ್ತಿ ಒಳಗೆ ಹೋಗಿ ನೋಡ್ಕೊಳ್ಳಿ."

ಬಯೋಸ್ ಎಂದರೆ ಆನ್ ಮಾಡಿದ ಕೂಡಲೇ ಎಲ್ಲಕ್ಕಿಂತ ಮೊದಲು ಏಳುವ, ಬೋರ್ಡಿನಲ್ಲೇ ಇರುವ ತಂತ್ರಾಂಶ. ಅದಕ್ಕೆ ಕಂಪನಿಗಳು ಹಾಕಿದ ಸೂಪರ್‌ವೈಸರ್ ಪಾಸ್‌ವರ್ಡ್ ಹಾಗೇ ಉಳಿದು ಬಂದಿರುವುದುಂಟು. ಥಿಂಕ್‌ಪ್ಯಾಡ್‌ಗಳಲ್ಲಿ ಅದು ಬೋರ್ಡಿನ ಮೇಲೆ ಪ್ರತ್ಯೇಕ ಚಿಪ್‌ನಲ್ಲಿ ಕೂತಿರುತ್ತದೆ. ಒಳಗಿನ ನಾಣ್ಯದ ಬ್ಯಾಟರಿ ಕಿತ್ತರೂ ಹೋಗುವುದಿಲ್ಲ. ನನಗೆ ಸಿಕ್ಕಿದ್ದರಲ್ಲಿ ಆ ತೊಂದರೆ ಇರಲಿಲ್ಲ. ಹಿಂಜ್ ಗಟ್ಟಿ ಇತ್ತು, ಕೀಲಿಗಳೆಲ್ಲ ಕೆಲಸ ಮಾಡುತ್ತಿದ್ದವು. ಉಳಿದದ್ದೆಲ್ಲ ಬದಲಾಯಿಸುವಂಥದ್ದೇ ಅಂತ ತಂದೆ. ಇನ್ನೊಂದು ವಿಷಯ: ಎಕ್ಸ್220ಯಲ್ಲಿ ಯುಎಸ್‌ಬಿ 3 ಇರುವುದು ಐ7 ಇರುವ ಮಾಡೆಲ್‌ಗಳಲ್ಲಿ ಮಾತ್ರ. ಪ್ರೊಸೆಸರ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಆಮೇಲೆ ಬದಲಾಯಿಸಲು ಬರುವುದಿಲ್ಲ. ಅದು ಬೇಕಿದ್ದವರು ಅಂಗಡಿಯಲ್ಲೇ ನೋಡಿ ಆರಿಸಿಕೊಳ್ಳಬೇಕು.

ಈ ಸರಣಿಯ ದೊಡ್ಡ ಗುಣ ಎಂದರೆ ಸರ್ವೀಸ್ ಮ್ಯಾನ್ಯುಯಲ್. ಯಾವ ಭಾಗ ಬಿಚ್ಚಬೇಕಾದರೆ ಅದಕ್ಕೂ ಮುಂಚೆ ಯಾವ ಯಾವ ಭಾಗ ಬಿಚ್ಚಬೇಕು, ಯಾವ ಸ್ಕ್ರೂ ಎಷ್ಟು ಉದ್ದ, ಎಲ್ಲ ಚಿತ್ರ ಸಮೇತ ಅದರಲ್ಲಿದೆ. ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಲ್ಯಾಪ್‌ಟಾಪ್ ತಿರುಗಿಸಿ ಹಾಕಿದರೆ ಸ್ಕ್ರೂಗಳ ಪಕ್ಕದಲ್ಲೇ ಪುಟ್ಟ ಗುರುತುಗಳು: ಇದು ಕೀಬೋರ್ಡಿನದು, ಇದು ರ್‍ಯಾಮ್‌ನದು ಅಂತ. ಬಿಚ್ಚುವವರು ಬರುತ್ತಾರೆ ಎಂದು ಗೊತ್ತಿದ್ದೇ ಮಾಡಿದ್ದಾರೆ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಕೂಡ ಬೋರ್ಡಿಗೆ ಅಂಟಿರುತ್ತದೆ, ಅಲ್ವಾ? ಆ ಲೆಕ್ಕದಲ್ಲಿ ಇದು ಬೇರೆಯೇ ಕಾಲದ್ದು.

ಎಸ್‌ಎಸ್‌ಡಿ ಮತ್ತು ರ್‍ಯಾಮ್ ಬಗ್ಗೆ ಹೇಳುವಂಥದ್ದು ಕಡಿಮೆ. ಡಿಸ್ಕ್ ಇರುವುದು ಬಲ ಪಕ್ಕದಲ್ಲಿ, ಒಂದೇ ಸ್ಕ್ರೂ. ಬಾಗಿಲು ತೆಗೆದು ಪಟ್ಟಿ ಹಿಡಿದು ಎಳೆದರೆ ಈಚೆ ಬರುತ್ತದೆ. ಇಲ್ಲಿ ಹಿಡಿಸುವುದು 7 ಮಿಲಿಮೀಟರ್ ದಪ್ಪದ ಡಿಸ್ಕ್. ಹಳೆಯ 9.5 ಮಿಲಿಮೀಟರಿನದು ಹೋಗುವುದಿಲ್ಲ. ಈಗಿನ ಎರಡೂವರೆ ಇಂಚಿನ ಎಸ್‌ಎಸ್‌ಡಿಗಳು ಹೆಚ್ಚಾಗಿ 7 ಮಿಲಿಮೀಟರಿನವೇ ಆದ್ದರಿಂದ ಚಿಂತೆ ಇಲ್ಲ. ರ್‍ಯಾಮ್‌ಗೆ ಕೆಳಗೆ ಒಂದು ಮುಚ್ಚಳ, ಅದರೊಳಗೆ ಎರಡು ಸ್ಲಾಟ್. ಕಂಪನಿಯ ಕಾಗದದಲ್ಲಿ 8 ಜಿಬಿ ಗರಿಷ್ಠ ಎಂದಿದೆ. ಆಗ 8 ಜಿಬಿಯ ಒಂದೇ ಪಟ್ಟಿ ಸಿಗುವುದು ಅಪರೂಪ. ಪ್ರೊಸೆಸರ್‌ನ ಮಿತಿ 16 ಜಿಬಿ. ಹಾಗಾಗಿ 8 ಜಿಬಿಯ ಎರಡು ಡಿಡಿಆರ್3 ಪಟ್ಟಿ ಹಾಕಿದೆ, ಒಂದೂ ಮಾತಿಲ್ಲದೆ ತೆಗೆದುಕೊಂಡಿತು. ಕಡಿಮೆ ವೋಲ್ಟೇಜಿನ ಡಿಡಿಆರ್3ಎಲ್ ಸಿಕ್ಕಿದರೂ ನಡೆಯುತ್ತದೆ, ಅವು 1.5 ವೋಲ್ಟಿನಲ್ಲೂ ಓಡುವಂತೆಯೇ ಮಾಡಿದವು. ಎರಡೂ ಸ್ಲಾಟ್ ತುಂಬಿಸುವುದು ಒಳ್ಳೆಯದು. ಇದರ ಗ್ರಾಫಿಕ್ಸ್ ಮುಖ್ಯ ರ್‍ಯಾಮ್‌ನಿಂದಲೇ ಜಾಗ ಪಡೆಯುತ್ತದೆ, ಎರಡು ದಾರಿ ಇದ್ದರೆ ಅದಕ್ಕೂ ಅನುಕೂಲ.

ಇಷ್ಟಕ್ಕೆ ಚಹಾ ಕುಡಿಯುವಷ್ಟು ಹೊತ್ತು ಸಾಕಾಯಿತು. ಲಿನಕ್ಸ್ ಹಾಕಿದೆ. ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸ ಅದರ ಐಬಸ್ ಎಂಬ ಟೈಪಿಂಗ್ ಸಾಧನದಲ್ಲಿ ಇದ್ದೇ ಇದೆ. ಆನ್ ಮಾಡಿ ಟೈಪ್ ಶುರುಮಾಡುವ ತನಕ ಕಾಯಬೇಕಾದ್ದು ಬಹಳ ಕಮ್ಮಿಯಾಯಿತು. ನಿಜ ಹೇಳಬೇಕೆಂದರೆ ಈ ಯಂತ್ರಕ್ಕೆ ಬೇಕಾದ ಸುಧಾರಣೆಯ ಮುಕ್ಕಾಲು ಪಾಲು ಅಲ್ಲೇ ಮುಗಿಯಿತು. ಯಾರಾದರೂ ಕೇಳಿದರೆ ನಾನು ಹೇಳುವುದೂ ಇಷ್ಟೇ: ಎಸ್‌ಎಸ್‌ಡಿ ಹಾಕಿ, ರ್‍ಯಾಮ್ ಹಾಕಿ, ಧೂಳು ತೆಗೆಸಿ, ಕೆಲಸ ನೋಡಿಕೊಳ್ಳಿ. ಇಲ್ಲಿಂದ ಮುಂದೆ ಮಾಡಿದ್ದರಲ್ಲಿ ಅಗತ್ಯ ಎಷ್ಟು, ಆಸೆ ಎಷ್ಟು ಎಂದು ಬೇರೆ ಮಾಡುವುದು ಕಷ್ಟ. ನನಗಂತೂ ಮಜಾ ಬಂದದ್ದು ಆಸೆಯ ಭಾಗದಲ್ಲೇ.

ಧೂಳಿನ ಕೆಲಸ ಸಲೀಸು ಅಂದುಕೊಳ್ಳಬೇಡಿ. ರ್‍ಯಾಮ್, ಡಿಸ್ಕ್ ಎಷ್ಟು ಸುಲಭವೋ ಫ್ಯಾನ್ ಅಷ್ಟೇ ಕಷ್ಟ. ಎಕ್ಸ್220ಯಲ್ಲಿ ಫ್ಯಾನ್ ಮತ್ತು ಪ್ರೊಸೆಸರ್‌ನ ಬಿಸಿ ಹೀರುವ ಹೀಟ್‌ಸಿಂಕ್ ಈಚೆ ಬರಬೇಕಾದರೆ ಕೀಬೋರ್ಡ್, ಅಂಗೈ ಇಡುವ ಪಟ್ಟಿ, ಕೀಬೋರ್ಡ್ ಸುತ್ತಲಿನ ಚೌಕಟ್ಟು, ಪರದೆ, ಕೊನೆಗೆ ಮದರ್‌ಬೋರ್ಡೇ ಹೊರಗೆ ಬರಬೇಕು. ನಾನು ಇರುವುದು ಹಾಸನದಲ್ಲಿ. ನಮ್ಮ ಬೀದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಹುಡುಗನಿಗೆ ಸಣ್ಣ ಸ್ಕ್ರೂಗಳ ಜೊತೆ ದಿನಾ ವ್ಯವಹಾರ. ಭಾನುವಾರ ಮಧ್ಯಾಹ್ನ ಅವನ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಇಬ್ಬರೂ ಕೂತೆವು.

"ಸಾರ್, ಇಷ್ಟೆಲ್ಲಾ ಒದ್ದಾಡೋ ಬದಲು ಹೊಸದು ತಗೋಬಾರ್ದಾ?"

"ತಗೋಬಹುದು ಕಣಪ್ಪ. ಆ ಕೀಬೋರ್ಡ್ ಎಲ್ಲಿ ಸಿಗುತ್ತೆ ಹೇಳು."

ಮುಖ್ಯ ಬ್ಯಾಟರಿ ಮೊದಲು ತೆಗೆದೆವು. ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿದೆವು. ಸ್ಕ್ರೂಗಳಿಗೆ ಅವನ ಉಪಾಯ ಚೆನ್ನಾಗಿತ್ತು. ಒಂದು ದಪ್ಪ ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಎಲ್ಲಿಂದ ಬಂದ ಸ್ಕ್ರೂವನ್ನು ಅದೇ ಜಾಗದಲ್ಲಿ ಚುಚ್ಚಿಡುವುದು. ಇದು ಅತಿ ಎನಿಸಬಹುದು. ಗಿಡ್ಡ ಸ್ಕ್ರೂ ಇರಬೇಕಾದ ಕಡೆ ಉದ್ದದ್ದು ಹಾಕಿ ತಿರುಗಿಸಿದರೆ ಅದರ ತುದಿ ಬೋರ್ಡನ್ನೋ ಕೀಬೋರ್ಡನ್ನೋ ಒತ್ತುತ್ತದೆ.

ಕೀಬೋರ್ಡ್ ತೆಗೆಯುವುದರಲ್ಲಿ ಒಂದು ಗುಟ್ಟಿದೆ. ಕೆಳಗಿನ ಸ್ಕ್ರೂ ಬಿಚ್ಚಿದ ಮೇಲೆ ಮೇಲಕ್ಕೆ ಎತ್ತಬಾರದು. ಕೀಲಿಗಳ ಮೇಲೆ ಅಂಗೈ ಇಟ್ಟು ಪರದೆಯ ಕಡೆಗೆ ತಳ್ಳಬೇಕು. ಮುಂದಿನ ಅಂಚು ಆಗ ಹಿಡಿತ ಬಿಟ್ಟು ಏಳುತ್ತದೆ. ಅಲ್ಲಿಂದ ಬೋರ್ಡ್ ಹೊರಗೆ ಬರುವ ತನಕ ಅವಸರ ಮಾಡಲಿಲ್ಲ. ವೈಫೈ ತಂತಿಗಳ ತುದಿಯ ಪುಟ್ಟ ಗುಂಡಿಗಳನ್ನು ನೇರ ಮೇಲಕ್ಕೆ ಎತ್ತಬೇಕು, ಓರೆ ಮಾಡಿದರೆ ಮುರಿಯುತ್ತವೆ. ರಿಬ್ಬನ್ ಕೇಬಲ್‌ಗಳ ಲಾಕ್ ಉಗುರಿನಿಂದ ಎತ್ತಿದರೆ ಸಾಕು.

ಫ್ಯಾನಿನ ಗಾಳಿ ಹೊರಗೆ ಹೋಗುವ ತಾಮ್ರದ ರೆಕ್ಕೆಗಳ ಮುಂದೆ ಧೂಳು ಗಟ್ಟಿ ಪದರವಾಗಿ ಕೂತಿತ್ತು. ಚಿಮಟದಲ್ಲಿ ಹಿಡಿದರೆ ಒಂದೇ ತುಂಡಾಗಿ ಎದ್ದು ಬಂತು. ಹೊರಗಿನಿಂದ ಬ್ಲೋವರ್ ಹಿಡಿದರೆ ಈ ಪದರ ಅಲ್ಲಾಡುವುದೂ ಇಲ್ಲ. ಸರ್ವೀಸ್ ಮಾಡಿಸಿದ್ದೀವಿ, ಆದರೂ ಬಿಸಿ ಅನ್ನುವವರ ಕಥೆ ಬಹುಶಃ ಇದೇ. ಬ್ಲೋವರ್ ಬಳಸುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಂಡೆವು, ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಹಳೇ ಪೇಸ್ಟ್ ಒಣಗಿ ಪುಡಿಯಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಚಿಪ್ ಮಧ್ಯಕ್ಕೆ ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟೆವು. ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮೇಲೆ ಡೆಸ್ಕ್‌ಟಾಪಿನ ಹಾಗೆ ಲೋಹದ ಮುಚ್ಚಳ ಇರುವುದಿಲ್ಲ. ಸಿಲಿಕಾನ್ ಬರಿದಾಗಿ ಕಾಣುತ್ತದೆ. ಒಂದು ಮೂಲೆಯ ಸ್ಕ್ರೂ ಪೂರ್ತಿ ಬಿಗಿ ಮಾಡಿ ಆಮೇಲೆ ಇನ್ನೊಂದಕ್ಕೆ ಹೋದರೆ ಅಂಚು ಸೀಳುವ ಅಪಾಯ. ಎದುರು ಬದುರು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆವು.

ಈ ಪ್ರೊಸೆಸರ್ ತಡೆಯುವ ಗರಿಷ್ಠ ತಾಪ 100 ಡಿಗ್ರಿ. ಮುಂಚೆ ಸ್ವಲ್ಪ ಭಾರದ ಕೆಲಸ ಕೊಟ್ಟರೂ 90 ದಾಟಿ, ವೇಗ ತಾನಾಗಿ ಇಳಿಯುತ್ತಿತ್ತು. ಈಗ ಅದೇ ಕೆಲಸಕ್ಕೆ 70ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇದು ಆಸೆಯ ಲೆಕ್ಕಕ್ಕೆ ಸೇರಿದ್ದಲ್ಲ, ಅಗತ್ಯವೇ.

ಇನ್ನು ಪರದೆ. ನನ್ನ ಯಂತ್ರದಲ್ಲಿದ್ದದ್ದು ಟಿಎನ್ ಪರದೆ. ಸ್ವಲ್ಪ ಕೆಳಗಿನಿಂದ ನೋಡಿದರೆ ಎಲ್ಲ ಕಪ್ಪು, ಮೇಲಿನಿಂದ ನೋಡಿದರೆ ಬಿಳಚು. ಇದೇ ಮಾಡೆಲ್‌ಗೆ, ಯಾವ ಕಡೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್ ಪರದೆಯ ಆಯ್ಕೆಯೂ ಇತ್ತು. ಅದೇ ಅಳತೆ, ಅದೇ 40 ಪಿನ್ನಿನ ಕನೆಕ್ಟರ್. ಎಲ್‌ಜಿ ತಯಾರಿಸಿದ ಪರದೆಗಳ ಹಿಂದೆ ಎಲ್‌ಪಿ125ಡಬ್ಲ್ಯುಎಚ್2 ಎಂದು ಬರೆದಿರುತ್ತದೆ. ಅದರ ನಂತರ ಬರುವ ಅಕ್ಷರ ನೋಡಬೇಕು: ಎಸ್‌ಎಲ್ ಎಂದಿದ್ದರೆ ಐಪಿಎಸ್, ಟಿಎಲ್ ಎಂದಿದ್ದರೆ ಟಿಎನ್. ಮಾರುವವರಲ್ಲಿ ಕೆಲವರಿಗೆ ಇದರ ವ್ಯತ್ಯಾಸ ಗೊತ್ತಿರುವುದಿಲ್ಲ, ಕೆಲವರಿಗೆ ಗೊತ್ತಿದ್ದೂ ಬೇಕಿರುವುದಿಲ್ಲ. ಹಿಂಬದಿಯ ಸ್ಟಿಕ್ಕರಿನ ಫೋಟೋ ಕಳಿಸಿ ಅಂತ ಕೇಳಿ, ನೋಡಿದ ಮೇಲೆಯೇ ದುಡ್ಡು ಕೊಟ್ಟೆ.

ಹಾಕುವುದು ಸುಲಭ. ಚೌಕಟ್ಟಿನ ಮೇಲಿನ ಪುಟ್ಟ ಸ್ಟಿಕ್ಕರ್ ಎಬ್ಬಿಸಿದರೆ ಕೆಳಗೆ ಸ್ಕ್ರೂ. ಚೌಕಟ್ಟಿನ ಕೊಕ್ಕೆಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಡಿಸಿ, ಪರದೆಯನ್ನು ಕೀಬೋರ್ಡಿನ ಮೇಲೆ ಮಲಗಿಸಿ, ಹಿಂದಿನ ಕನೆಕ್ಟರ್ ಎಳೆದರೆ ಆಯಿತು. ಹೊಸದು ಹಾಕಿದ ದಿನ ಬಣ್ಣ ನೋಡಿ ಖುಷಿಯಾದದ್ದು ನಿಜ. ಆದರೆ ಕನ್ನಡಕ್ಕೆ ಬೇಕಾದದ್ದು ಇದರಿಂದ ಸಿಗಲಿಲ್ಲ. ರೆಸಲ್ಯೂಷನ್ ಮೊದಲಿನ 1366 ಗುಣಿಸು 768ರಲ್ಲೇ ಇದೆ. ಇಂಗ್ಲಿಷ್ ಅಕ್ಷರಕ್ಕೆ ಅದು ಸಾಕು. ನಮ್ಮ ಲಿಪಿಯಲ್ಲಿ ಒಂದು ಸಾಲಿನ ಎತ್ತರದೊಳಗೆ ಅಕ್ಷರ, ಮೇಲೆ ಗುಣಿತ, ಕೆಳಗೆ ಒತ್ತು ಎಲ್ಲ ಕೂರಬೇಕು. "ರಾಷ್ಟ್ರ" ಎಂಬ ಪದದ ಕೆಳಗಿನ ಟ ಒತ್ತು, ರ ಒತ್ತು ಸಣ್ಣ ಗಾತ್ರದಲ್ಲಿ ಒಂದಕ್ಕೊಂದು ಕಲೆಸಿ ಮಸುಕಾಗುತ್ತವೆ. ಕರಡು ತಿದ್ದುವವನಿಗೆ ಅದು ಸಣ್ಣ ತೊಂದರೆಯಲ್ಲ.

ಬ್ಯಾಟರಿಯ ವಿಷಯದಲ್ಲಿ ಮೊದಲು ಅಗ್ಗದ ಡೂಪ್ಲಿಕೇಟ್ ಒಂದು ತಂದಿದ್ದೆ. ಅಂಗಡಿಯ ಹೆಸರು ಬೇಡ. ಮೇಲೆ ಅಂಟಿಸಿದ ಲೇಬಲ್ಲಿನಲ್ಲಿ ಕಂಪನಿಯ ಆರು ಸೆಲ್ ಬ್ಯಾಟರಿಗಿಂತ ಜಾಸ್ತಿ ಸಾಮರ್ಥ್ಯ ಬರೆದಿತ್ತು. ಕೈಯಲ್ಲಿ ಹಿಡಿದರೆ ಅದಕ್ಕಿಂತ ಹಗುರ. ಅಲ್ಲೇ ಅನುಮಾನ ಬರಬೇಕು. ಲಿನಕ್ಸ್‌ನಲ್ಲಿ ಯುಪವರ್ ಎಂಬ ಸಣ್ಣ ಸಾಧನ ಇದೆ. ಬ್ಯಾಟರಿಯ ಮೂಲ ಸಾಮರ್ಥ್ಯ ಎಷ್ಟು, ಈಗ ಹಿಡಿಯುವುದು ಎಷ್ಟು ಎಂದು ಬ್ಯಾಟರಿಯ ಒಳಗಿನ ಚಿಪ್‌ನಿಂದಲೇ ಓದಿ ತೋರಿಸುತ್ತದೆ. ಆ ಡೂಪ್ಲಿಕೇಟ್ ಕೆಲವೇ ತಿಂಗಳಲ್ಲಿ ಶೇಕಡ 30 ತೋರಿಸುತ್ತಿದ್ದಾಗಲೇ ಪಟ್ಟಂತ ಆಫ್ ಆಗತೊಡಗಿತು.

ಹಳೇ ಬ್ಯಾಟರಿ ಬಿಚ್ಚಿ ಒಳಗೆ 18650 ಎಂಬ ಗಾತ್ರದ ಹೊಸ ಲಿಥಿಯಂ ಸೆಲ್ ಹಾಕಿಸುವ ಯೋಚನೆಯೂ ಬಂತು. ರಿಪೇರಿ ಹುಡುಗ ಬೇಡ ಎಂದ. ಅವನು ಹೇಳಿದ್ದು ಸರಿ. ಸೆಲ್‌ಗಳ ಸಂಪರ್ಕ ಒಮ್ಮೆ ತಪ್ಪಿದರೆ ಒಳಗಿನ ಚಿಪ್ ಬೀಗ ಹಾಕಿಕೊಂಡು ಕೂರುವುದುಂಟು. ಅದಕ್ಕಿಂತ ದೊಡ್ಡದು ಬೆಂಕಿಯ ಭಯ. ಲಿಥಿಯಂ ಸೆಲ್‌ಗೆ ಸೋಲ್ಡರಿಂಗ್ ಐರನ್ ತಗುಲಿಸುವ ಹಾಗಿಲ್ಲ, ಸ್ಪಾಟ್ ವೆಲ್ಡಿಂಗೇ ಆಗಬೇಕು. ಕೊನೆಗೆ ತೂಕ, ಲೇಬಲ್ಲು, ಒಳಗಿನ ಲೆಕ್ಕ ಮೂರೂ ತಾಳೆಯಾಗುವ 63 ವಾಟ್ ಅವರ್‌ನ ಆರು ಸೆಲ್ ಬ್ಯಾಟರಿ ಸಿಕ್ಕಿತು. ಎಕ್ಸ್230ರಿಂದ ಈಚೆಗೆ ಬಯೋಸ್ ಬೇರೆಯವರ ಬ್ಯಾಟರಿಯನ್ನು ಚಾರ್ಜ್ ಮಾಡಲು ಒಪ್ಪುವುದಿಲ್ಲ. ಎಕ್ಸ್220ಗೆ ಆ ಕಟ್ಟುಪಾಡು ಇಲ್ಲ. ಟಿಎಲ್‌ಪಿ ಎಂಬ ತಂತ್ರಾಂಶದಲ್ಲಿ 75ಕ್ಕೆ ಇಳಿದರೆ ಮಾತ್ರ ಚಾರ್ಜ್ ಶುರು, 80ಕ್ಕೆ ನಿಲ್ಲು ಎಂದು ಹೇಳಿಟ್ಟಿದ್ದೇನೆ. ಯಾವಾಗಲೂ ಪ್ಲಗ್ಗಿನಲ್ಲೇ ಇರುವ ಲ್ಯಾಪ್‌ಟಾಪಿನ ಬ್ಯಾಟರಿಗೆ ಇದರಿಂದ ಆಯಸ್ಸು.

ಚಾರ್ಜರ್ ಕೂಡ ಬದಲಾಯಿತು. ಹಳೇ ಗುಂಡು ಪಿನ್ನಿನ ಚಾರ್ಜರ್ ದಪ್ಪ, ಬ್ಯಾಗಿನಲ್ಲಿ ಅರ್ಧ ಜಾಗ ತಿನ್ನುತ್ತದೆ. ಈಗ ಒಂದು ತುದಿ ಯುಎಸ್‌ಬಿ-ಸಿ, ಇನ್ನೊಂದು ತುದಿ 7.9 ಮಿಲಿಮೀಟರಿನ ಗುಂಡು ಪಿನ್ ಇರುವ ಕೇಬಲ್ ಸಿಗುತ್ತದೆ. ಅದರೊಳಗಿನ ಪುಟ್ಟ ಸರ್ಕ್ಯೂಟ್ ಚಾರ್ಜರ್ ಹತ್ತಿರ 20 ವೋಲ್ಟ್ ಕೊಡು ಅಂತ ಕೇಳುತ್ತದೆ. 65 ವಾಟ್‌ನ ಪಿಡಿ (ಪವರ್ ಡೆಲಿವರಿ) ಚಾರ್ಜರ್ ಇದ್ದರೆ ಸಾಕು. ಸಾಮಾನ್ಯ ಫೋನ್ ಚಾರ್ಜರ್‌ಗಳಲ್ಲಿ 20 ವೋಲ್ಟ್ ಇರುವುದು ಕಡಿಮೆ, ಅವುಗಳಿಗೆ ಹಾಕಿದರೆ ಏನೂ ಆಗುವುದಿಲ್ಲ, ಅಷ್ಟೇ. ಕೆಲವರು ಹಳೇ ಜ್ಯಾಕ್ ಕಿತ್ತು ಯುಎಸ್‌ಬಿ-ಸಿ ಬೋರ್ಡನ್ನು ಒಳಗೇ ಕೂರಿಸುತ್ತಾರೆ. ಕೇಬಲ್ಲೇ ಕೆಲಸ ಮಾಡುತ್ತಿರುವಾಗ ಸುಮ್ನೆ ಪ್ಲಾಸ್ಟಿಕ್ ಕೊರೆಯುವುದು ಯಾಕೆ ಅಂತ ನಾನು ಬಿಟ್ಟೆ.

ಈಗ ವೈಫೈ. ನನ್ನ ಯಂತ್ರದ ಜೊತೆ ಬಂದ ಕಾರ್ಡ್ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತಿತ್ತು. ನಮ್ಮ ಬೀದಿಯ ಎಲ್ಲ ಮನೆಗಳ ರೂಟರ್ ಕೂಡ ಅದರಲ್ಲೇ ಕಿರುಚುತ್ತವೆ. 5 ಗಿಗಾಹರ್ಟ್ಸ್ ಹಿಡಿಯುವ ಇಂಟೆಲ್ 7260 ಕಾರ್ಡ್ ತರಿಸಿ, ಹಳೇದರ ಜಾಗದಲ್ಲಿ ಕೂರಿಸಿ ಆನ್ ಮಾಡಿದೆ. ಪರದೆ ಮೇಲೆ 1802 ಎಂಬ ತಪ್ಪಿನ ಸಂಖ್ಯೆ. ಅನುಮತಿ ಇಲ್ಲದ ಕಾರ್ಡ್ ಹಾಕಿದ್ದೀರಿ, ಆಫ್ ಮಾಡಿ ತೆಗೆಯಿರಿ ಎಂಬ ಸಂದೇಶ. ಅಲ್ಲಿಂದ ಮುಂದಕ್ಕೆ ಹೋಗುವುದೇ ಇಲ್ಲ.

ಹೀಗಾಗುತ್ತದೆ ಎಂದು ಗೊತ್ತಿತ್ತು, ಕಣ್ಣಾರೆ ನೋಡಬೇಕು ಅಂತ ಹಾಕಿದ್ದೆ. ಬಯೋಸ್ ಒಳಗೆ ಒಪ್ಪಿದ ಕಾರ್ಡುಗಳ ಪಟ್ಟಿ ಇದೆ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಬೂಟ್ ನಿಲ್ಲುತ್ತದೆ. ಆಂಟೆನಾ ಮತ್ತು ಕಾರ್ಡನ್ನು ಒಟ್ಟಿಗೆ ರೇಡಿಯೋ ಪರೀಕ್ಷೆಗೆ ಒಳಪಡಿಸಿರುತ್ತಾರೆ ಎಂಬುದು ಇಂಥ ಪಟ್ಟಿಗಳಿಗೆ ತಯಾರಕರು ಕೊಡುವ ಸಾಮಾನ್ಯ ಕಾರಣ. ಪಟ್ಟಿಯಲ್ಲೇ ಇರುವ ಇಂಟೆಲ್ 6205 ಕೂಡ 5 ಗಿಗಾಹರ್ಟ್ಸ್ ಹಿಡಿಯುತ್ತದೆ. ಥಿಂಕ್‌ಪ್ಯಾಡ್‌ಗೆಂದೇ ಬಂದದ್ದನ್ನು ಸೆಕೆಂಡ್ ಹ್ಯಾಂಡ್ ತಂದು ಹಾಕಿದರೆ ಯಾವ ತಕರಾರೂ ಇಲ್ಲ. ಬುದ್ಧಿ ಇರುವವರು ಅದನ್ನೇ ಮಾಡಬೇಕು. ನಾನು ಬಯೋಸನ್ನೇ ತೆಗೆದು ಕೋರ್‌ಬೂಟ್ ಹಾಕಲು ಹೊರಟೆ.

ಕೋರ್‌ಬೂಟ್ ಮುಕ್ತ ತಂತ್ರಾಂಶ. 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯೋಸ್ ಎಂಬ ಹೆಸರಿನಲ್ಲಿ ಶುರುವಾದದ್ದು, 2008ರಲ್ಲಿ ಈ ಹೆಸರು ಬಂತು. ಬೋರ್ಡನ್ನು ಎಬ್ಬಿಸುವಷ್ಟು ಮಾತ್ರ ಕೆಲಸ ಮಾಡಿ ಮುಂದಿನದನ್ನು ಬೇರೆಯವರಿಗೆ ಬಿಡುತ್ತದೆ. ಅದರಲ್ಲಿ ಈ ಕಾರ್ಡುಗಳ ಪಟ್ಟಿ ಎಂಬುದೇ ಇಲ್ಲ. ಆದರೆ ಎಕ್ಸ್220ಗೆ ಮೊದಲ ಸಲ ಹಾಕುವಾಗ ತಂತ್ರಾಂಶದಿಂದ ಆಗುವುದಿಲ್ಲ. ಬೋರ್ಡಿನ ಮೇಲಿನ ಎಂಟು ಕಾಲಿನ ಫ್ಲಾಶ್ ಚಿಪ್‌ಗೆ ಹೊರಗಿನಿಂದ ಕ್ಲಿಪ್ ಕಚ್ಚಿಸಿ ಬರೆಯಬೇಕು.

ಇದಕ್ಕೆ ಎಲ್ಲರೂ ಬಳಸುವುದು ಸಿಎಚ್341ಎ ಎಂಬ ಅಗ್ಗದ ಪ್ರೋಗ್ರಾಮರ್. ರಿಪೇರಿ ಹುಡುಗನ ಹತ್ತಿರವೂ ಇತ್ತು. ಅದರ ಕಪ್ಪು ಬೋರ್ಡಿನ ಮಾದರಿಯಲ್ಲಿ ಒಂದು ಕುಖ್ಯಾತ ದೋಷ ಇದೆ. ವಿದ್ಯುತ್ ಕಾಲಿಗೆ 3.3 ವೋಲ್ಟ್ ಕೊಟ್ಟರೂ ಮಾಹಿತಿಯ ಕಾಲುಗಳಿಗೆ 5 ವೋಲ್ಟ್ ಬರುತ್ತದೆ. ನಮ್ಮ ಚಿಪ್ 3.3 ವೋಲ್ಟಿನದು. ಮಲ್ಟಿಮೀಟರ್ ಹಿಡಿದು ನೋಡಿದರೆ ಇವನದೂ ಅದೇ ಜಾತಿ.

"ಇದರಲ್ಲೇ ಎಷ್ಟೋ ಟಿವಿ ಬೋರ್ಡ್ ಮಾಡಿದೀನಿ ಸಾರ್, ಏನೂ ಆಗಿಲ್ಲ."

"ಆಗದೇ ಇರಬಹುದು. ಈ ಬೋರ್ಡಿಗೆ ಬದಲಿ ನನ್ನ ಹತ್ರ ಇಲ್ಲ ಕಣಪ್ಪ."

ಮನೆಯಲ್ಲಿದ್ದ ರಾಸ್ಪ್‌ಬೆರಿ ಪೈ ತಂದೆ. ಅದರ ಪಿನ್ನುಗಳು 3.3 ವೋಲ್ಟಿನವೇ. ಆರು ತಂತಿ ಸಾಕು: ವಿದ್ಯುತ್, ಗ್ರೌಂಡ್, ಗಡಿಯಾರ, ಹೋಗುವ ಮಾಹಿತಿ, ಬರುವ ಮಾಹಿತಿ, ಚಿಪ್ ಆಯ್ಕೆ. ತಂತಿ ಗಿಡ್ಡ ಇದ್ದಷ್ಟೂ ಒಳ್ಳೆಯದು. ಬ್ಯಾಟರಿ, ಚಾರ್ಜರ್, ನಾಣ್ಯದ ಬ್ಯಾಟರಿ ಮೂರನ್ನೂ ತೆಗೆದು, ಅಂಗೈ ಪಟ್ಟಿ ಎತ್ತಿದರೆ ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟಿನ ಹತ್ತಿರ ಕಪ್ಪು ಹಾಳೆಯ ಕೆಳಗೆ ಆ ಚಿಪ್ ಸಿಗುತ್ತದೆ.

ಬರೆಯುವ ಮೊದಲು ಓದಬೇಕು. 8 ಮೆಗಾಬೈಟಿನ ಆ ಚಿಪ್‌ನಲ್ಲಿ ಇರುವುದನ್ನೆಲ್ಲ ಫ್ಲಾಶ್‌ರೋಮ್ ಎಂಬ ತಂತ್ರಾಂಶದಿಂದ ಓದಿ ಫೈಲ್ ಮಾಡಿಕೊಳ್ಳುವುದು, ಮತ್ತೆ ಓದಿ ಇನ್ನೊಂದು ಫೈಲ್, ಎರಡರ ಚೆಕ್‌ಸಮ್, ಅಂದರೆ ಫೈಲಿನಲ್ಲಿರುವುದನ್ನೆಲ್ಲ ಸೇರಿಸಿ ಲೆಕ್ಕ ಹಾಕಿದ ಗುರುತು, ಹೋಲಿಸುವುದು. ಮೊದಮೊದಲು ಓದಿದ ಫೈಲ್‌ಗಳು ಒಂದಕ್ಕೊಂದು ಹೊಂದಲೇ ಇಲ್ಲ. ಕ್ಲಿಪ್ಪಿನ ಹಲ್ಲು ಕಾಲುಗಳ ಮೇಲೆ ಸರಿಯಾಗಿ ಕೂತಿರಲಿಲ್ಲ. ಚಿಪ್ ಕಾಲುಗಳನ್ನು ಆಲ್ಕೋಹಾಲ್‌ನಲ್ಲಿ ಒರೆಸಿ, ಹುಡುಗನ ಮೈಕ್ರೋಸ್ಕೋಪ್ ಕೆಳಗೆ ಕ್ಲಿಪ್ ಕೂರಿಸಿ, ಓದುವ ವೇಗ ಇಳಿಸಿದ ಮೇಲೆ ಪದೇ ಪದೇ ಒಂದೇ ಉತ್ತರ ಬಂತು. ಈ ಮೂಲ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲೂ ಇಟ್ಟೆ, ನನಗೇ ಮೇಲ್ ಕೂಡ ಮಾಡಿಕೊಂಡೆ. ಏನಾದರೂ ಕೆಟ್ಟರೆ ವಾಪಸ್ ಬರಲು ಇರುವ ದಾರಿ ಅದೊಂದೇ. ಕೋರ್‌ಬೂಟ್ ಕಟ್ಟುವುದಕ್ಕೂ ಅದು ಬೇಕು. ಚಿಪ್‌ನಲ್ಲಿ ಬಯೋಸ್ ಒಂದೇ ಇರುವುದಿಲ್ಲ. ಇಂಟೆಲ್‌ನ ಮ್ಯಾನೇಜ್‌ಮೆಂಟ್ ಎಂಜಿನ್ ಒಂದು ಭಾಗದಲ್ಲಿ, ನೆಟ್‌ವರ್ಕ್ ಪೋರ್ಟಿನ ವಿವರ ಇನ್ನೊಂದು ಭಾಗದಲ್ಲಿ. ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಮ್ಯಾಕ್ ವಿಳಾಸ ಕೂತಿರುವುದು ಅಲ್ಲೇ. ಬೇರೆಯವರ ಫೈಲ್ ತಂದು ಹಾಕಿದರೆ ಅವರ ವಿಳಾಸ ನಮ್ಮದಾಗುತ್ತದೆ.

ಕಟ್ಟಿದ ಫೈಲ್ ಬರೆದು, ಬರೆದದ್ದು ಸರಿ ಇದೆ ಎಂದು ಫ್ಲಾಶ್‌ರೋಮ್ ಹೇಳಿದ ಮೇಲೆ ಕ್ಲಿಪ್ ತೆಗೆದು ಪವರ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪು. ಹುಡುಗ ನನ್ನ ಮುಖ ನೋಡಿದ. ಕೋರ್‌ಬೂಟ್ ಮೊದಲ ಸಲ ಏಳುವಾಗ ರ್‍ಯಾಮ್‌ನ ಗುಣ ಅಳೆದು ನೋಡಿಕೊಳ್ಳುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ, ಮುಂದಿನ ಸಲಕ್ಕೆ ಆ ಲೆಕ್ಕ ಉಳಿಸಿಕೊಳ್ಳುತ್ತದೆ ಎಂದು ಓದಿದ್ದೆ. ಓದಿದ್ದರೂ ಆ ಹೊತ್ತು ಉದ್ದವಾಗಿಯೇ ಕಂಡಿತು. ಆಮೇಲೆ ಮೇಲಿನ ಮೂಲೆಯಲ್ಲಿ ಸೀಬಯೋಸ್ ಎಂಬ ಅಕ್ಷರ ಮೂಡಿತು. ಕೋರ್‌ಬೂಟ್ ಮುಂದಿನ ಕೆಲಸ ಒಪ್ಪಿಸಿದ್ದು ಅದಕ್ಕೇ.

"ಬಂತು ಸಾರ್!" ಅಂತ ಅವನು ಕೂಗಿದ್ದಕ್ಕೆ ಪಕ್ಕದ ಬೇಕರಿಯವರು ಇಣುಕಿ ನೋಡಿದರು.

7260 ಕಾರ್ಡ್ ಹಾಕಿದೆ. 1802 ಇಲ್ಲ, ಪಟ್ಟಿ ಇಲ್ಲ. ವೈಫೈ ವೇಗ ಏರಿತು. ನನ್ನ ಕೆಲಸಕ್ಕೆ ಆ ವೇಗ ಬೇಕಿತ್ತೇ ಎಂದು ಕೇಳಿದರೆ ಇಲ್ಲ. ನಾನು ಕಳಿಸುವುದು ಪಠ್ಯದ ಫೈಲ್‌ಗಳು. ಆದರೂ ಈ ಲ್ಯಾಪ್‌ಟಾಪಿನಲ್ಲಿ ಮಾಡಿದ ಯಾವ ಕೆಲಸ ಮತ್ತೆ ಮಾಡುತ್ತೀಯಾ ಎಂದರೆ ಮೊದಲು ಇದನ್ನೇ ಹೇಳುತ್ತೇನೆ.

ಏನು ಮಾಡಿದರೂ ಬದಲಾಗದ್ದು ಒಂದಿದೆ. ಇದರ ಗ್ರಾಫಿಕ್ಸ್ ಹಳೆಯದು. ಯೂಟ್ಯೂಬ್ ಈಗ ಕಳಿಸುವ ವಿಪಿ9, ಎವಿ1 ವಿಡಿಯೋಗಳನ್ನು ಬಿಡಿಸುವ ಯಂತ್ರಾಂಶ ಇದರಲ್ಲಿ ಇಲ್ಲ. ಎಲ್ಲ ಭಾರ ಪ್ರೊಸೆಸರ್ ಮೇಲೆ ಬಿದ್ದು ಫ್ಯಾನ್ ಕೂಗುತ್ತದೆ. ಬ್ರೌಸರ್‌ಗೆ ಎಚ್264ಫೈ ಎಂಬ ಎಕ್ಸ್‌ಟೆನ್ಷನ್ ಹಾಕಿದ್ದೇನೆ, ಅದು ಹಳೇ ಎಚ್.264 ರೂಪವನ್ನೇ ಕೇಳಿ ತರಿಸುತ್ತದೆ. ಅದನ್ನು ಬಿಡಿಸುವುದು ಈ ಚಿಪ್‌ಗೆ ಗೊತ್ತು.

ಇಷ್ಟಾದ ಮೇಲೆ ಹುಡುಗನಿಗೇ ಹುಚ್ಚು ಹಿಡಿಯಿತು. ಚೀನಾದ 51ಎನ್‌ಬಿ ಎಂಬ ಗುಂಪಿನವರು ಹಳೇ ಎಕ್ಸ್201ರ ಡಬ್ಬಿಗೆ ಹೊಂದುವಂತೆ ಎಂಟನೇ ತಲೆಮಾರಿನ ಪ್ರೊಸೆಸರ್ ಇರುವ ಹೊಸ ಮದರ್‌ಬೋರ್ಡನ್ನೇ ಮಾಡಿದ್ದಾರೆ, ಎಕ್ಸ್210 ಎಂದು ಅದರ ಹೆಸರು. ಅದನ್ನು ಫೋನಿನಲ್ಲಿ ತೋರಿಸಿದ. ಇನ್ನೊಂದು, ಎಕ್ಸ್220ಗೆ ಫುಲ್ ಎಚ್‌ಡಿ ಪರದೆ ಹಾಕುವ ಪುಟ್ಟ ಬೋರ್ಡ್. ಇದರ ಪರದೆಗೆ ಹೋಗುವ ಎಲ್‌ವಿಡಿಎಸ್ ತಂತಿ ಒಂದೇ ಸಾಲಿನದು, ಫುಲ್ ಎಚ್‌ಡಿಯಷ್ಟು ಮಾಹಿತಿ ಅದರಲ್ಲಿ ಹೋಗುವುದಿಲ್ಲ. ಅದಕ್ಕೇ ಆ ಪುಟ್ಟ ಬೋರ್ಡ್ ಡಾಕಿಂಗ್‌ಗೆಂದು, ಅಂದರೆ ಲ್ಯಾಪ್‌ಟಾಪ್ ಕೂರಿಸುವ ಪೀಠದ ಮೂಲಕ ಹೊರಗಿನ ಮಾನಿಟರ್‌ಗೆ ಹೋಗಲೆಂದು, ಇರುವ ಡಿಸ್‌ಪ್ಲೇಪೋರ್ಟ್ ಸಂಕೇತವನ್ನು ಮದರ್‌ಬೋರ್ಡಿನಿಂದಲೇ ಕದ್ದು ಹೊಸ ಪರದೆಗೆ ಕೊಡುತ್ತದೆ. ಬೆಸುಗೆ ಹಾಕಬೇಕಾದ ಜಾಗಗಳು ಕಣ್ಣಿಗೆ ಕಾಣದಷ್ಟು ಸಣ್ಣವು.

"ನಾನು ಹಾಕ್ಕೊಡ್ತೀನಿ ಸಾರ್, ಐಫೋನ್ ಬೋರ್ಡಿಗಿಂತ ದೊಡ್ಡದೇ ಇದೆ."

ಅವನ ಕೈ ಮೇಲೆ ನನಗೆ ನಂಬಿಕೆ ಇದೆ. ಒತ್ತಕ್ಷರದ ತೊಂದರೆಗೆ ಸರಿಯಾದ ಉತ್ತರವೂ ಅದೇ. ಆದರೆ ಎಕ್ಸ್220ರ ಪಕ್ಕದಲ್ಲೇ ಪೂರ್ತಿ ಗಾತ್ರದ ಡಿಸ್‌ಪ್ಲೇಪೋರ್ಟ್ ಇದೆ. ಮನೆಯ ಮೇಜಿನ ಮೇಲೆ 24 ಇಂಚಿನ ಮಾನಿಟರ್ ಇದೆ. ಕರಡು ತಿದ್ದುವಾಗ ಅದಕ್ಕೆ ಕೇಬಲ್ ಚುಚ್ಚುತ್ತೇನೆ, ಬಸ್ಸಿನಲ್ಲೋ ರೈಲಿನಲ್ಲೋ ಇದ್ದಾಗ ಅಕ್ಷರದ ಗಾತ್ರ ದೊಡ್ಡದು ಮಾಡಿಕೊಂಡು ಟೈಪ್ ಮಾತ್ರ ಮಾಡುತ್ತೇನೆ. ಪುಟ್ಟ ಬೋರ್ಡಿನ ಬೆಲೆ ಆಗಾಗ ನೋಡುತ್ತಿರುತ್ತೇನೆ, ಇನ್ನೂ ತರಿಸಿಲ್ಲ.